ಕೋಶಗಳು ಕದಲುತ್ತಿಲ್ಲವೇ? ಕಾಲ ಕೆಳಗಿನ ನೆಲ ನೋಡಿ

ಪ್ಲಾಸ್ಟಿಕ್ ಪ್ಲೇಟಿನಲ್ಲಿ ಚೆನ್ನಾಗಿ ಓಡಾಡುವ ಜೀವಕೋಶಗಳನ್ನು ಮೆತ್ತನೆಯ ಜೆಲ್ ಮೇಲೆ ಬಿಡುತ್ತೀರಿ. ಅವು ನಿಂತುಬಿಡುತ್ತವೆ. ಇಲ್ಲವೇ ನಡೆಯುತ್ತವೆ, ಆದರೆ ಮೆತ್ತನೆಯ ಜೆಲ್‌ಗೂ ಗಟ್ಟಿ ಜೆಲ್‌ಗೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಇಲ್ಲವೇ ಎಲ್ಲವೂ ಕೂಡಿ ಒಂದೇ ಕಡೆ ಹೊರಡುತ್ತವೆ. ಕೋಶ ಕೆಟ್ಟಿದೆಯೋ, ಜೆಲ್ ಕೆಟ್ಟಿದೆಯೋ, ನಾವು ನೋಡುವ ರೀತಿಯೇ ತಪ್ಪೋ ಗೊತ್ತಾಗುವುದಿಲ್ಲ.

ಬೆಳಗಾವಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಕೋಶ ಬೆಳೆಸುವ ಕೆಲಸ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ನಮಗೆ ಈ ಮೂರೂ ತೊಂದರೆಗಳು ಒಂದರ ಹಿಂದೆ ಒಂದು ಬಂದವು. ಎರಡು ತಿಂಗಳು ಹೋಯಿತು. ಅದರಲ್ಲಿ ಮೊದಲ ಮೂರು ವಾರ ನಾವು ಬರೀ ಸೀರಮ್ ಬದಲಿಸಿದೆವು, ಕೋಶ ಬೆಳೆಯುವ ಪೋಷಕ ದ್ರವವಾದ ಮೀಡಿಯಂ ಬದಲಿಸಿದೆವು, ಹೊಸ ಬಾಟಲಿ ತರಿಸಿದೆವು. ಕೋಶ ಏನೇ ಮಾಡಿದರೂ ರಾಸಾಯನಿಕದ ಮಾತು ಕೇಳಿಯೇ ಮಾಡುತ್ತದೆ ಎಂಬ ರೂಢಿ ತಲೆಯಲ್ಲಿ ಕೂತಿತ್ತು. ಆದರೆ ಕೋಶಕ್ಕೆ ಕೈಯೂ ಇದೆ. ಅದು ನೆಲವನ್ನು ಹಿಡಿದು ಎಳೆದು ನೋಡುತ್ತದೆ. ನೆಲ ಎಷ್ಟು ಜಗ್ಗುತ್ತದೆ ಎಂಬುದರ ಮೇಲೆ ನಡೆಯಬೇಕೋ, ತಿರುಗಬೇಕೋ, ನಿಲ್ಲಬೇಕೋ ಎಂಬುದು ತೀರ್ಮಾನವಾಗುತ್ತದೆ. ಹಾಗಾಗಿ ಮೀಡಿಯಂ ಬಾಟಲಿಗೆ ಕೈ ಹಾಕುವ ಮೊದಲು ಜೆಲ್ ಕಡೆ ನೋಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೋಶ ನಡೆಯುವ ಬಗೆ

ಇದು ಗೊತ್ತಿಲ್ಲದೆ ದೋಷ ಹುಡುಕುವುದು ಕಷ್ಟ. ಸ್ವಲ್ಪ ತಾಳ್ಮೆಯಿಂದ ಓದಿ.

ಕಬ್ಬಿನ ಹಂಗಾಮಿನಲ್ಲಿ ಅಕಾಲ ಮಳೆ ಬಿದ್ದರೆ ಏನಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ. ಎರಿ ಹೊಲದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಜೋರಾಗಿಯೇ ಓಡುತ್ತಿರುತ್ತದೆ. ಗಾಲಿಯೂ ತಿರುಗುತ್ತದೆ. ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಗಾಲಿಯ ಕೆಳಗೆ ಕಲ್ಲು, ರವದಿ ತುರುಕಿದ ಮೇಲೆ ಹಿಡಿತ ಸಿಕ್ಕು ಮೇಲೆದ್ದು ಬರುತ್ತದೆ.

ಕೋಶದಲ್ಲಿಯೂ ಹೀಗೆಯೇ. ಮುಂದಿನ ಅಂಚಿನಲ್ಲಿ ಆಕ್ಟಿನ್ ಎಂಬ ಎಳೆಗಳು ಬೆಳೆದು ಪೊರೆಯನ್ನು ಮುಂದಕ್ಕೆ ನೂಕುತ್ತವೆ. ಮಯೋಸಿನ್ ಎಂಬ ಪ್ರೋಟೀನ್ ಅದೇ ಎಳೆಗಳನ್ನು ಹಿಂದಕ್ಕೆ ಎಳೆಯುತ್ತದೆ. ಹಿಡಿತ ಇಲ್ಲದಿದ್ದರೆ ಆಕ್ಟಿನ್ ಬೆಳೆದಷ್ಟೂ ಹಿಂದಕ್ಕೆ ಜಾರುತ್ತದೆ, ಕೋಶ ಇದ್ದಲ್ಲೇ ಇರುತ್ತದೆ. ಹಿಡಿತ ಕೊಡುವುದು ಕೋಶದ ಪೊರೆಯಲ್ಲಿರುವ ಇಂಟಿಗ್ರಿನ್ ಎಂಬ ಪ್ರೋಟೀನ್. ಅದರ ಒಂದು ತುದಿ ಹೊರಗಿನ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ಹಿಡಿಯುತ್ತದೆ. ಇನ್ನೊಂದು ತುದಿ ಒಳಗೆ ಟ್ಯಾಲಿನ್ ಎಂಬ ಇನ್ನೊಂದು ಪ್ರೋಟೀನ್ ಮೂಲಕ ಆಕ್ಟಿನ್‌ಗೆ ಕಟ್ಟಿಕೊಂಡಿರುತ್ತದೆ.

ಇಲ್ಲಿ ಒಂದು ಅದ್ಭುತ ಇದೆ. ಟ್ಯಾಲಿನ್ ಮೇಲೆ ಎಳೆತ ಬಿದ್ದರೆ ಅದರ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಒಳಗೆ ಅಡಗಿದ್ದ ಜಾಗಗಳು ಹೊರಗೆ ಬರುತ್ತವೆ. ವಿನ್‌ಕ್ಯುಲಿನ್ ಎಂಬ ಪ್ರೋಟೀನ್ ಅಲ್ಲಿ ಬಂದು ಕೂತು ಹಿಡಿತವನ್ನು ಇನ್ನಷ್ಟು ಭದ್ರ ಮಾಡುತ್ತದೆ. ಅಂದರೆ ಎಳೆತವೇ ಹಿಡಿತವನ್ನು ಬೆಳೆಸುತ್ತದೆ. ನೆಲ ಗಟ್ಟಿ ಇದ್ದರೆ ಎಳೆದ ಕೂಡಲೇ ಎದುರು ಎಳೆತ ಸಿಗುತ್ತದೆ. ನೆಲ ಮೆತ್ತಗಿದ್ದರೆ ಅದೇ ಬಗ್ಗಿ ಬರುತ್ತದೆ, ಎಳೆತ ನಿಧಾನ ಏರುತ್ತದೆ. ಎಷ್ಟೋ ಸಲ ಅಷ್ಟರಲ್ಲಿ ಹಿಡಿತ ಬಿಟ್ಟುಹೋಗಿರುತ್ತದೆ.

ಹಾಗಂತ ಹಿಡಿತ ಜಾಸ್ತಿ ಆದಷ್ಟೂ ಓಟ ಜಾಸ್ತಿ ಅಂತಲ್ಲ. ಹಸಿ ಎರಿಮಣ್ಣಿನಲ್ಲಿ ಚಪ್ಪಲಿ ಹಾಕಿ ನಡೆದವರಿಗೆ ಗೊತ್ತು, ಕಾಲು ಎತ್ತುವುದೇ ದೊಡ್ಡ ಕೆಲಸ. ಕೋಶದ ಹಿಂಭಾಗ ಬಿಡಿಸಿಕೊಳ್ಳಲು ಆಗದಿದ್ದರೂ ಅದು ನಿಲ್ಲುತ್ತದೆ. ಕೊಲಾಜೆನ್‌ನಂಥ ಹಿಡಿತದ ಪದಾರ್ಥ ಹದವಾಗಿದ್ದಾಗ ವೇಗ ಅತಿ ಹೆಚ್ಚು, ತೀರಾ ಕಡಿಮೆಯಲ್ಲೂ ತೀರಾ ಹೆಚ್ಚಿನಲ್ಲೂ ವೇಗ ಕಡಿಮೆ ಎಂದು 1997ರಲ್ಲೇ ಅಳೆದು ತೋರಿಸಿದ್ದಾರೆ. ಕೋಶ ನಿಂತಿದ್ದು ಹಿಡಿತ ಸಿಗದೆಯೋ, ಹಿಡಿತ ಬಿಡದೆಯೋ ಎಂಬುದು ಮೊದಲು ತಿಳಿಯಬೇಕು. ಉಂಡೆಯಾಗಿ ಕೂತಿದ್ದರೆ ಸಿಕ್ಕಿಲ್ಲ. ಹಂಚಿನ ಮೇಲಿನ ದೋಸೆಯಂತೆ ಹರಡಿ, ಹಿಂದೆ ಉದ್ದ ಬಾಲ ಬಿಟ್ಟುಕೊಂಡಿದ್ದರೆ ಬಿಡುತ್ತಿಲ್ಲ.

ಕೋಶ ಎಳೆಯುತ್ತದೆ ಎಂಬುದು ಕಣ್ಣಿಗೆ ಕಂಡದ್ದು 1980ರಲ್ಲಿ. ಆಲ್ಬರ್ಟ್ ಹ್ಯಾರಿಸ್ ತಂಡದವರು ತೆಳುವಾದ ಸಿಲಿಕೋನ್ ರಬ್ಬರ್ ಹಾಳೆಯ ಮೇಲೆ ಕೋಶ ಬಿಟ್ಟರು. ಕೋಶ ಎಳೆದ ಕಡೆ ಹಾಳೆ ಸುಕ್ಕುಗಟ್ಟಿತು. ಮುಂದೆ 2000ದಲ್ಲಿ ಯು-ಲಿ ವಾಂಗ್ ತಂಡ ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ ಇರುವ ಜೆಲ್ ಮಾಡಿತು. ಮೆತ್ತನೆಯ ಕಡೆಯಿಂದ ಬಂದ ಕೋಶ ಗಡಿ ದಾಟಿ ಗಟ್ಟಿ ಕಡೆಗೆ ಹೋಯಿತು. ಗಟ್ಟಿ ಕಡೆಯಿಂದ ಬಂದದ್ದು ಗಡಿಯಲ್ಲೇ ತಿರುಗಿಕೊಂಡಿತು. ಇದಕ್ಕೆ ಡ್ಯುರೊಟ್ಯಾಕ್ಸಿಸ್ ಎಂದು ಹೆಸರಿಟ್ಟರು. ನಮ್ಮ ಲ್ಯಾಬಿನ ಹುಡುಗಿ ನೋಡಬೇಕೆಂದು ಹೊರಟದ್ದೂ ಇದನ್ನೇ.

ಮೊದಲ ಪರೀಕ್ಷೆ: ನಿಜವಾಗಿಯೂ ನಿಂತಿದೆಯೇ?

ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸಿದ ಇಲಿಯ 3ಟಿ3 ಕೋಶಗಳನ್ನು ನಾವು ಬಳಸುತ್ತೇವೆ. ಇಂಥ ಕೋಶ ಗಂಟೆಗೆ ಹತ್ತಾರು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ನಡೆದರೆ ಅದು ಒಳ್ಳೆಯ ನಡಿಗೆಯೇ. ಹತ್ತು ನಿಮಿಷ ಕಣ್ಣಿಟ್ಟು ಕೂತರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಫೋಟೊ ತೆಗೆದರೂ ಸಾಲದು. ನಡುವೆ ಕೋಶ ಹೋಗಿ ಮರಳಿ ಬಂದಿರಬಹುದು. ಹತ್ತು ನಿಮಿಷಕ್ಕೆ ಒಂದರಂತೆ ಹನ್ನೆರಡು ಗಂಟೆಯಾದರೂ ಫೋಟೊ ಬೇಕು.

ಗಾಯದಂತೆ ಗೆರೆ ಎಳೆದು ಅದು ಮುಚ್ಚುವುದನ್ನು ನೋಡುವವರು ಇನ್ನೊಂದು ಗಮನಿಸಬೇಕು. ಕೋಶ ನಡೆಯದೆಯೂ, ಬರೀ ಒಡೆದು ಎರಡಾಗಿಯೇ ಖಾಲಿ ಜಾಗ ತುಂಬಬಹುದು. ಮೈಟೊಮೈಸಿನ್ ಹಾಕಿಯೋ, ಸೀರಮ್ ಕಡಿಮೆ ಮಾಡಿಯೋ ಒಡೆಯುವುದನ್ನು ತಡೆದ ಒಂದು ಪ್ಲೇಟ್ ಪಕ್ಕದಲ್ಲಿ ಇಡಿ.

ಅದೇ ಫ್ಲಾಸ್ಕಿನ ಕೋಶ, ಅದೇ ದಿನ, ಕೊಲಾಜೆನ್ ಹಚ್ಚಿದ ಗಾಜಿನ ಮೇಲೂ ಬಿಡಿ. ಗಾಜಿನ ಮೇಲೆ ಓಡಿ ಜೆಲ್ ಮೇಲೆ ನಿಂತರೆ ಕೋಶದ ತಪ್ಪಲ್ಲ. ಎರಡೂ ಕಡೆ ನಿಂತರೆ ಮಾತ್ರ ಹಳೆಯ ತಪಾಸಣೆ ಪಟ್ಟಿ ತೆಗೆಯಿರಿ. ಮೀಡಿಯಂ ಹಳದಿಯಾಗಿದೆಯೇ, ನೇರಳೆಗೆ ತಿರುಗಿದೆಯೇ, ಇನ್ಕ್ಯುಬೇಟರಿನಲ್ಲಿ 5% ಕಾರ್ಬನ್ ಡೈಆಕ್ಸೈಡ್ ಇದೆಯೇ, ಮೈಕೊಪ್ಲಾಸ್ಮಾ ಎಂಬ ಸಣ್ಣ ಬ್ಯಾಕ್ಟೀರಿಯಾ ಹೊಕ್ಕಿದೆಯೇ, ಕೋಶವನ್ನು ಪ್ಲೇಟಿನಿಂದ ಬಿಡಿಸುವ ಟ್ರಿಪ್ಸಿನ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟಿದ್ದೀರಾ. ಟ್ರಿಪ್ಸಿನ್ ಕೋಶದ ಮೈಮೇಲಿನ ಹಿಡಿತದ ಪ್ರೋಟೀನುಗಳನ್ನೂ ಕತ್ತರಿಸುತ್ತದೆ. ಇವು ಎಲ್ಲರಿಗೂ ಗೊತ್ತಿರುವ ವಿಷಯ, ಮುಂದೆ ಹೋಗೋಣ.

ಲಕ್ಷಣ ಒಂದು: ಗಾಜಿನ ಮೇಲೆ ಹರಡಿದ ಕೋಶ ಜೆಲ್ ಮೇಲೆ ಉಂಡೆಯಾಗಿ ಕೂತಿದೆ

"ಅಕ್ಕಾರ, ಇವು ಸತ್ತಾವೇನ್ರಿ?" ಎಂದು ಹುಡುಗಿ ಕರೆದಳು. ನೋಡಿದೆ. ದುಂಡಗೆ, ಹೊಳೆಯುತ್ತ, ನಾಲ್ಕು ನಾಲ್ಕು ಗುಂಪಾಗಿ ಕೂತಿದ್ದವು. ಸತ್ತ ಕೋಶಕ್ಕೆ ಹಿಡಿಯುವ ಟ್ರಿಪ್ಯಾನ್ ನೀಲಿ ಹಾಕಿದರೆ ಬಣ್ಣ ಹಿಡಿಯಲಿಲ್ಲ.

"ಸತ್ತಿಲ್ಲ ತಂಗಿ, ಹಿಡ್ಕೊಳ್ಳಾಕ ಏನೂ ಸಿಕ್ಕಿಲ್ಲ ಅವಕ್ಕ."

ನಾವು ಬಳಸುವ ಪಾಲಿಅಕ್ರಿಲಮೈಡ್ ಜೆಲ್‌ಗೆ ಸ್ವಂತ ಹಿಡಿತ ಇಲ್ಲ. ಅದರ ಮೇಲೆ ಪ್ರೋಟೀನ್ ತಾನಾಗಿ ಅಂಟುವುದಿಲ್ಲ. ಈ ಗುಣಕ್ಕಾಗಿಯೇ ಅದನ್ನು ಬಳಸುತ್ತೇವೆ, ಯಾಕೆಂದರೆ ಕೊಲಾಜೆನ್ ಎಷ್ಟು ಹಚ್ಚಿದೆವೋ ಅಷ್ಟೇ ಲೆಕ್ಕ. ಕೊಲಾಜೆನ್ ಅನ್ನು ಜೆಲ್‌ಗೆ ಕಟ್ಟಿಹಾಕಲು ಸಲ್ಫೊ-ಸ್ಯಾನ್‌ಪಾ ಎಂಬ ಕಿತ್ತಳೆ ಬಣ್ಣದ ಪುಡಿ ಬೇಕು. ಅದರ ಒಂದು ತುದಿ ಬೆಳಕಿಗೆ ಎಚ್ಚರಗೊಂಡು ಜೆಲ್ ಹಿಡಿಯುತ್ತದೆ, ಇನ್ನೊಂದು ತುದಿ ಕೊಲಾಜೆನ್ ಹಿಡಿಯುತ್ತದೆ. ಈ ಎರಡನೇ ತುದಿ ನೀರು ತಾಗಿದರೆ ಬೇಗ ಹಾಳಾಗುತ್ತದೆ.

ಪರೀಕ್ಷೆ ಸುಲಭ. ಮೂರು ಜೆಲ್ ಮಾಡಿ. ಒಂದಕ್ಕೆ ಪುಡಿ ಮತ್ತು ಕೊಲಾಜೆನ್ ಎರಡೂ ಹಾಕಿ. ಇನ್ನೊಂದಕ್ಕೆ ಬರೀ ಕೊಲಾಜೆನ್. ಮೂರನೆಯದಕ್ಕೆ ಏನೂ ಬೇಡ. ಮೂರರ ಮೇಲೂ ಕೋಶ ಒಂದೇ ತರ ಉಂಡೆಯಾಗಿದ್ದರೆ ಪುಡಿ ಕೆಲಸ ಮಾಡಿಲ್ಲ ಎಂದೇ ಅರ್ಥ. ನಮ್ಮಲ್ಲಿ ಮೂರೂ ಒಂದೇ ತರ ಇದ್ದವು.

ಮೊದಲು ಬೆಳಕಿನ ಮೇಲೆ ಅನುಮಾನ ಬಂತು. ಇದು ಬಹಳ ಕಡೆ ಆಗುವ ತಪ್ಪು. ಕೋಶದ ಕೆಲಸ ಮಾಡುವ ಪೆಟ್ಟಿಗೆಯಾದ ಹುಡ್ ಒಳಗಿನ ಕ್ರಿಮಿನಾಶಕ ಟ್ಯೂಬ್ ಕೊಡುವುದು ಮುಖ್ಯವಾಗಿ 254 ನ್ಯಾನೊಮೀಟರ್ ಬೆಳಕು. ಈ ಪುಡಿಗೆ ಬೇಕಾದದ್ದು ಸುಮಾರು 320ರಿಂದ 365. ಎರಡೂ ಅತಿನೇರಳೆಯೇ, ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನಾವು 365ರ ದೀಪವನ್ನೇ ಬಳಸಿದ್ದೆವು. ಜೆಲ್ ಮೇಲಿನ ಬಣ್ಣ ಕಿತ್ತಳೆಯಿಂದ ಕಂದಿಗೆ ತಿರುಗಿತ್ತು ಕೂಡ. ಹಾಗಾಗಿ ಬೆಳಕು ಸರಿ, ಬೆಳಕಿನ ತುದಿಯೂ ಸರಿ. ಕೆಟ್ಟದ್ದು ಇನ್ನೊಂದು ತುದಿ.

ಉತ್ತರ ಸಿಕ್ಕಿದ್ದು ನಮ್ಮ ಅಟೆಂಡರ್ ಕಾಕಾ ಅವರಿಂದ. "ಆ ಶನಿವಾರ ರಾತ್ರಿ ಗಾಳಿ-ಮಳಿ ಆತಲ್ರಿ ಬಾಯಾರ, ಕರೆಂಟ್ ಮುಂಜಾನಿ ತನಕಾ ಇರಲಿಲ್ಲ. ಫ್ರೀಜರ್ ಕೆಳಗ ನೀರು ನಿಂತಿತ್ತು, ನಾನs ಒರಸೇನಿ." ಪುಡಿಯ ಶೀಶೆ ತೆಗೆದು ನೋಡಿದರೆ ಮುಚ್ಚಳದ ಒಳಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ತೇವ ಹೊಕ್ಕಿತ್ತು. ಮೂರು ವಾರ ನಾವು ಸೀರಮ್ ಬದಲಿಸುತ್ತ ಕೂತದ್ದು ಈ ಒಂದು ಶೀಶೆಯಿಂದ. ಕಾಕಾ ಅವರನ್ನು ಮೊದಲ ದಿನವೇ ಕೇಳಬೇಕಿತ್ತು. ಲ್ಯಾಬಿನಲ್ಲಿ ರಾತ್ರಿ ಏನಾಯಿತು ಎಂಬುದು ಅವರಿಗಷ್ಟೇ ಗೊತ್ತಿರುತ್ತದೆ.

ಈಗ ನಾವು ಪುಡಿಯನ್ನು ಸಣ್ಣ ಸಣ್ಣ ಭಾಗ ಮಾಡಿ, ಒಣಗಿಸುವ ಸಿಲಿಕಾ ಜೊತೆ ಇಡುತ್ತೇವೆ. ಫ್ರೀಜರಿನಿಂದ ತೆಗೆದ ಶೀಶೆಯನ್ನು ಕೋಣೆಯ ಶಾಖಕ್ಕೆ ಬರುವ ತನಕ ತೆರೆಯುವುದಿಲ್ಲ. ತಣ್ಣಗಿನ ಶೀಶೆ ತೆರೆದರೆ ಗಾಳಿಯ ತೇವ ಒಳಗೆ ಹನಿಗಟ್ಟುತ್ತದೆ. ಬೆಳಗಾವಿಯ ಮಳೆಗಾಲದಲ್ಲಂತೂ ಇದು ನೆನಪಿರಲೇಬೇಕು. ನೀರಿನಲ್ಲಿ ಕರಗಿಸಿದ ಮೇಲೆ ಚಹಾ ಕುಡಿದು ಬರುತ್ತೇನೆ ಎನ್ನುವಂತಿಲ್ಲ, ಕೂಡಲೇ ಜೆಲ್ ಮೇಲೆ ಹಾಕಿ ದೀಪ ಹಚ್ಚಬೇಕು.

ಇನ್ನೊಂದು ಮಾತು. ಜೆಲ್ ಆಗದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ. ಅದು ಕೋಶವನ್ನೂ ಕೊಲ್ಲುತ್ತದೆ. ಕೈಗವಸು ಬಿಡಬೇಡಿ. ಜೆಲ್ ಅನ್ನು ಮೂರ್ನಾಲ್ಕು ಸಲ ತೊಳೆಯದೆ ಕೋಶ ಹಾಕಬೇಡಿ.

ಲಕ್ಷಣ ಎರಡು: ಮೆತ್ತನೆಯ ಜೆಲ್, ಗಟ್ಟಿ ಜೆಲ್, ಎರಡರ ಮೇಲೂ ಒಂದೇ ನಡಿಗೆ

ಹೊಸ ಪುಡಿ ಬಂತು. ಕೋಶ ಹರಡಿದವು, ನಡೆದವು. ಎಲ್ಲರಿಗೂ ಖುಷಿ. ಆಮೇಲೆ ಅಳೆದು ನೋಡಿದರೆ ಮೆತ್ತನೆಯ ಜೆಲ್ ಮೇಲೂ ಗಟ್ಟಿ ಜೆಲ್ ಮೇಲೂ ಒಂದೇ ವೇಗ, ಒಂದೇ ಆಕಾರ. ನನ್ನ ಲೆಕ್ಕದಲ್ಲಿ ಈ ದೋಷ ಮೊದಲಿನದಕ್ಕಿಂತ ಅಪಾಯದ್ದು. ಕೋಶ ಉಂಡೆಯಾದರೆ ತಪ್ಪು ಆಗಿದೆ ಎಂದಾದರೂ ತಿಳಿಯುತ್ತದೆ. ಇಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. "ಈ ಕೋಶಕ್ಕೆ ನೆಲದ ಗಟ್ಟಿತನ ಲೆಕ್ಕಕ್ಕಿಲ್ಲ" ಎಂದು ಬರೆದುಬಿಡುವ ಸಾಧ್ಯತೆ ಇದೆ.

ಮೊದಲು ಗಟ್ಟಿತನದ ಅಂಕಿಗಳ ಅಂದಾಜು ಇರಲಿ. ಅದನ್ನು ಕಿಲೋಪಾಸ್ಕಲ್ ಲೆಕ್ಕದಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಾದಷ್ಟೂ ಗಟ್ಟಿ. ಮಿದುಳು ಸುಮಾರು 1 ಕಿಲೋಪಾಸ್ಕಲ್ ಅಥವಾ ಅದಕ್ಕೂ ಮೆತ್ತಗೆ. ಸ್ನಾಯು ಸುಮಾರು 10ರ ಆಸುಪಾಸು. ನಾವು ದಿನವೂ ಬಳಸುವ ಪ್ಲಾಸ್ಟಿಕ್ ಪ್ಲೇಟ್ ಸುಮಾರು 30 ಲಕ್ಷ ಕಿಲೋಪಾಸ್ಕಲ್. ಅಂದರೆ ಮೈಯೊಳಗಿನ ಮೆತ್ತನೆಯ ಅಂಗಾಂಶದಿಂದ ತೆಗೆದ ಕೋಶವನ್ನು ಬಂಡೆಯ ಮೇಲೆ ಬಿಟ್ಟು ಅದರ ನಡಿಗೆ ಅಳೆಯುತ್ತಿದ್ದೇವೆ. ಅಕ್ರಿಲಮೈಡ್ 5%, ಅದರ ಎಳೆಗಳನ್ನು ಒಂದಕ್ಕೊಂದು ಕಟ್ಟುವ ಬಿಸ್ 0.15% ಹಾಕಿದರೆ ಸುಮಾರು 4.5 ಕಿಲೋಪಾಸ್ಕಲ್ ಜೆಲ್ ಸಿಗುತ್ತದೆ. 8% ಮತ್ತು 0.48% ಹಾಕಿದರೆ ಸುಮಾರು 40. ನಮ್ಮ ಎರಡು ಜೆಲ್‌ಗಳು ಇವೇ. ಇವೆರಡರ ನಡುವೆ 3ಟಿ3 ಕೋಶಕ್ಕೆ ವ್ಯತ್ಯಾಸ ಗೊತ್ತಾಗದೆ ಇರಲು ಸಾಧ್ಯವಿಲ್ಲ.

ರಾಸಾಯನಿಕ ಹಳತಾದರೆ ಜೆಲ್ ಹೇಳಿದ್ದಕ್ಕಿಂತ ಮೆತ್ತಗಾಗುತ್ತದೆ. ಜೆಲ್ ಗಟ್ಟಿಯಾಗುವುದನ್ನು ಶುರುಮಾಡುವ ಅಮೋನಿಯಂ ಪರ್‌ಸಲ್ಫೇಟ್ ದ್ರಾವಣವನ್ನು ಹೊಸದಾಗಿ ಮಾಡಿಕೊಳ್ಳಿ. ಗಾಳಿಯ ಆಮ್ಲಜನಕವೂ ಜೆಲ್ ಆಗುವುದನ್ನು ತಡೆಯುತ್ತದೆ, ಆದ್ದರಿಂದ ದ್ರಾವಣದಿಂದ ಗಾಳಿ ತೆಗೆದು ಸುರಿಯಿರಿ. ಟ್ಯೂಬಿನಲ್ಲಿ ಉಳಿದ ದ್ರಾವಣ ಎಷ್ಟು ಹೊತ್ತಿಗೆ ಗಟ್ಟಿಯಾಯಿತು ಎಂದು ಪ್ರತಿ ಸಲ ಬರೆದಿಡಿ. ನಮ್ಮ ಪುಸ್ತಕದಲ್ಲಿ ಆ ಸಮಯ ಪ್ರತಿ ಸಲ ಒಂದೇ ತರ ಇತ್ತು. ರಾಸಾಯನಿಕ ಸರಿ ಇತ್ತು.

ಹಾಗಾದರೆ ಏನು? ಜೆಲ್ ತೆಳುವಾಗಿತ್ತು.

ಎರಿಮಣ್ಣಿನ ಒಂದು ಬೆರಳು ಪದರದ ಕೆಳಗೆ ಬಂಡೆ ಇದ್ದರೆ ಕಾಲಿಗೆ ತಾಗುವುದು ಬಂಡೆಯೇ ಅಲ್ವಾ? ಒಂಟಿ ಕೋಶದ ಎಳೆತ ಕೆಲವು ಮೈಕ್ರಾನ್ ಆಳದವರೆಗೆ ಹೋಗುತ್ತದೆ. ಹಾಳೆಯಂತೆ ಗುಂಪಾಗಿ ಎಳೆಯುವಾಗ ಇನ್ನೂ ಆಳಕ್ಕೆ ಹೋಗುತ್ತದೆ. ಜೆಲ್ ಅಷ್ಟು ತೆಳುವಾದರೆ ಕೋಶ ಕೆಳಗಿನ ಗಾಜನ್ನು ಮುಟ್ಟಿ ನೋಡುತ್ತಿರುತ್ತದೆ.

ಲೆಕ್ಕ ಹಾಕಿ ನೋಡಿ. ದ್ರಾವಣ ಉಳಿಯಲಿ ಎಂದು ಹುಡುಗಿ 25 ಮಿಲಿಮೀಟರ್ ಅಗಲದ ದುಂಡನೆಯ ತೆಳು ಗಾಜಿನ ಕವರ್‌ಸ್ಲಿಪ್ ಕೆಳಗೆ 10 ಮೈಕ್ರೊಲೀಟರ್ ಹಾಕಿದ್ದಳು. ವಿಸ್ತಾರ ಸುಮಾರು 490 ಚದರ ಮಿಲಿಮೀಟರ್. ಎಲ್ಲ ಕಡೆ ಸಮನಾಗಿ ಹರಡಿದರೂ ದಪ್ಪ 20 ಮೈಕ್ರಾನ್. ಅಂಚಿನಲ್ಲಿ ಸೋರಿದ್ದು ಬೇರೆ, ಟ್ರೇ ಒಂದು ಕಡೆ ವಾಲಿದ್ದು ಬೇರೆ. ಎಷ್ಟೋ ಜಾಗದಲ್ಲಿ ಕೆಲವೇ ಮೈಕ್ರಾನ್ ಉಳಿದಿತ್ತು. ಅದೇ ಕವರ್‌ಸ್ಲಿಪ್‌ಗೆ 50 ಮೈಕ್ರೊಲೀಟರ್ ಹಾಕಿದರೆ 100 ಮೈಕ್ರಾನ್ ಆಗುತ್ತದೆ. ಈಗ ನಾವು ಅಷ್ಟೇ ಹಾಕುತ್ತೇವೆ.

ದಪ್ಪ ಅಳೆಯಲು ದೊಡ್ಡ ಯಂತ್ರ ಬೇಡ. ದ್ರಾವಣದಲ್ಲಿ 0.2 ಮೈಕ್ರಾನಿನ ಹೊಳೆಯುವ ಮಣಿಗಳನ್ನು ಸ್ವಲ್ಪ ಬೆರೆಸಿ. ಮೈಕ್ರೊಸ್ಕೋಪಿನಲ್ಲಿ ಎಲ್ಲಕ್ಕಿಂತ ಕೆಳಗಿನ ಮಣಿಗೆ ಫೋಕಸ್ ಮಾಡಿ, ಆಮೇಲೆ ಎಲ್ಲಕ್ಕಿಂತ ಮೇಲಿನದಕ್ಕೆ. ಫೋಕಸ್ ಗುಬ್ಬಿ ತಿರುಗಿಸಿದ ಅಂತರ ಓದಿಕೊಳ್ಳಿ. ಎಣ್ಣೆ ಇಲ್ಲದ ಸಾಮಾನ್ಯ ಮಸೂರವಾದರೆ ಆ ಅಂತರವನ್ನು ಸುಮಾರು 1.33ರಿಂದ ಗುಣಿಸಿ, ಯಾಕೆಂದರೆ ಬೆಳಕು ನೀರಿನಂಥ ಜೆಲ್‌ನಿಂದ ಗಾಳಿಗೆ ಬರುವಾಗ ಬಾಗುತ್ತದೆ. ನಡುವೆ, ನಾಲ್ಕು ಅಂಚಿನಲ್ಲಿ, ಒಟ್ಟು ಐದು ಕಡೆ ಅಳೆಯಿರಿ. ಈ ಮಣಿಗಳು ಮುಂದೆ ಇನ್ನೂ ಎರಡು ಕೆಲಸಕ್ಕೆ ಬರುತ್ತವೆ.

ಯಾವ ಗಟ್ಟಿತನ ಆರಿಸಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ನಿಮ್ಮ ಕೋಶ ಮೈಯಲ್ಲಿ ಎಲ್ಲಿ ನಡೆಯುತ್ತಿತ್ತು ಎಂದು ನೋಡಿ. 2018ರಲ್ಲಿ ಲಂಡನ್ನಿನ ರಾಬರ್ಟೊ ಮೇಯರ್ ತಂಡ ಕಪ್ಪೆಯ ಭ್ರೂಣದಲ್ಲಿ ಒಂದು ಸೊಗಸಾದ ಸಂಗತಿ ಕಂಡಿತು. ಮುಖದ ಎಲುಬು ಮತ್ತು ನರಗಳಾಗುವ ಕೋಶಗಳ ಒಂದು ಗುಂಪು ಹೊರಡಲು ಸಿದ್ಧವಾಗಿ ಕಾಯುತ್ತಿರುತ್ತದೆ. ಅದರ ಕೆಳಗಿನ ಪದರದಲ್ಲಿ ಕೋಶಗಳು ಒತ್ತಾಗಿ ಸೇರಿ ಆ ಪದರ ಗಟ್ಟಿಯಾಗುತ್ತದೆ. ಆಗಲೇ ಈ ಗುಂಪು ಹೊರಡುತ್ತದೆ. ನೆಲ ಗಟ್ಟಿಯಾಗದಂತೆ ತಡೆದರೆ ಹೊರಡುವುದಿಲ್ಲ. ಜೀವಂತ ಮೈಯಲ್ಲೇ ನೆಲ ಹೀಗೆ ಹೇಳಿ ಕಳಿಸುವಾಗ, ನಾವು 30 ಲಕ್ಷ ಕಿಲೋಪಾಸ್ಕಲ್ ಪ್ಲೇಟಿನಲ್ಲಿ ಕಂಡದ್ದನ್ನೇ ಕೊನೆಯ ಮಾತು ಎನ್ನಬಾರದು.

ಲಕ್ಷಣ ಮೂರು: ಗೆರೆಯ ಅಂಚಿಗೆ ಬಂದು ನಿಲ್ಲುತ್ತವೆ

ಪ್ಲಾಸ್ಟಿಕ್ ಮೇಲೆ 200 ಮೈಕ್ರೊಲೀಟರ್ ಪಿಪೆಟ್ ಟಿಪ್‌ನಿಂದ ಗೆರೆ ಎಳೆಯುವುದು ರೂಢಿ. ಅದನ್ನೇ ಜೆಲ್ ಮೇಲೆ ಮಾಡಿದರೆ ಕೋಶದ ಜೊತೆ ಜೆಲ್ ಕೂಡ ಹರಿಯುತ್ತದೆ. ಕೊಲಾಜೆನ್ ಪದರ ಕಿತ್ತುಬರುತ್ತದೆ. ಕೋಶದ ಮುಂದೆ ಕಾಲುವೆ ತೋಡಿ, ದಾಟು ಎಂದರೆ ದಾಟುವುದಿಲ್ಲ. ಜೆಲ್ ಮೇಲೆ ಗೆರೆ ಎಳೆಯಬೇಡಿ, ಜಾಗ ಬಿಡಿ. ಸಿಲಿಕೋನ್ ಪಟ್ಟಿ ಇಟ್ಟು ಎರಡೂ ಕಡೆ ಕೋಶ ಬೆಳೆಸಿ, ಆಮೇಲೆ ಪಟ್ಟಿಯನ್ನು ಮೆಲ್ಲಗೆ ಎತ್ತಿ. ಇಷ್ಟೇ.

ಲಕ್ಷಣ ನಾಲ್ಕು: ಅಂಚಿನವು ಕದಲುತ್ತವೆ, ಹಿಂದಿನವು ಕದಲುವುದಿಲ್ಲ

ಇದು ಚರ್ಮದ ಕೋಶ, ಮೂತ್ರಪಿಂಡದ ಕೋಶದಂಥ ಕೈ ಕೈ ಹಿಡಿದು ಹಾಳೆಯಾಗುವ ಜಾತಿಗೆ ಸೇರಿದ ತೊಂದರೆ. ಗಣಪತಿ ಕಳಿಸುವ ದಿನ ಬೆಳಗಾವಿಯ ಮೆರವಣಿಗೆಯಲ್ಲಿ ನಿಂತವರಿಗೆ ಇದು ಬೇಗ ತಿಳಿಯುತ್ತದೆ. ಜನ ತೆಳುವಾಗಿದ್ದಾಗ ಬೇಕಾದ ಕಡೆ ಹೋಗಬಹುದು. ಒತ್ತಾದಾಗ ಗುಂಪು ಹೋದ ಕಡೆ ಹೋಗಬೇಕು. ಇನ್ನೂ ಒತ್ತಾದರೆ ಯಾರೂ ಕದಲುವಂತಿಲ್ಲ.

ಮುಂದಿನ ಸಾಲಿನ ಕೋಶವೇ ಎಲ್ಲರನ್ನೂ ಎಳೆಯುತ್ತದೆ ಎಂದು ಮೊದಲು ಅಂದುಕೊಂಡಿದ್ದರು. 2009ರಲ್ಲಿ ಚಾವಿ ಟ್ರೆಪಾ ಮತ್ತು ಸಂಗಡಿಗರು ಅಳೆದಾಗ ಹಿಂದಿನ ಎಷ್ಟೋ ಸಾಲುಗಳೂ ನೆಲ ಹಿಡಿದು ಎಳೆಯುತ್ತಿದ್ದವು. ಆ ಎಳೆತ ಕೋಶದಿಂದ ಕೋಶಕ್ಕೆ ದಾಟುತ್ತದೆ. ಅವನ್ನು ಜೋಡಿಸುವ ಕ್ಯಾಡ್‌ಹೆರಿನ್‌ಗೆ ಕ್ಯಾಲ್ಸಿಯಂ ಬೇಕು. ಮೀಡಿಯಂನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಜೋಡಣೆ ಬಿಟ್ಟು, ಹಾಳೆ ಬಿಡಿಬಿಡಿಯಾಗುತ್ತದೆ.

ಗುಂಪು ಸಿಕ್ಕಿಹಾಕಿಕೊಂಡಿದೆಯೇ ಎಂದು ಫೋಟೊದಲ್ಲೇ ಅಳೆಯಬಹುದು. ಪ್ರತಿ ಕೋಶದ ಸುತ್ತಳತೆಯನ್ನು ಅದರ ವಿಸ್ತಾರದ ವರ್ಗಮೂಲದಿಂದ ಭಾಗಿಸಿ. ಸರಿಯಾದ ಆರು ಮೂಲೆಯ ಆಕಾರಕ್ಕೆ 3.72 ಬರುತ್ತದೆ, ಐದು ಮೂಲೆಗೆ 3.81. ನೂರಾರು ಕೋಶಗಳ ನಡುಮೌಲ್ಯ 3.81ರ ಹತ್ತಿರ ಇಳಿದರೆ ಹಾಳೆ ಹೆಪ್ಪುಗಟ್ಟುವ ಹಂತಕ್ಕೆ ಬಂದಿದೆ. ಅದಕ್ಕಿಂತ ಮೇಲಿದ್ದರೆ, ಕೋಶಗಳು ಉದ್ದುದ್ದ ಇದ್ದರೆ, ಇನ್ನೂ ಹರಿದಾಡುತ್ತಿವೆ. 2015ರಲ್ಲಿ ಉಸಿರುನಾಳದ ಕೋಶಗಳಲ್ಲಿ ಇದನ್ನು ನೋಡಿದಾಗ, ದಮ್ಮಿನ ಕಾಯಿಲೆ ಇದ್ದವರ ಕೋಶಗಳು ಹೆಪ್ಪುಗಟ್ಟಲು ಹೆಚ್ಚು ದಿನ ತೆಗೆದುಕೊಂಡಿದ್ದವು. ನಿಮ್ಮ ಹಾಳೆ ಸಿಕ್ಕಿಹಾಕಿಕೊಂಡಿದ್ದರೆ ಮುಂದಿನ ಸಲ ಕಡಿಮೆ ಕೋಶ ಬಿತ್ತಿ, ಒಂದು ದಿನ ಮೊದಲೇ ಪಟ್ಟಿ ಎತ್ತಿ.

ಲಕ್ಷಣ ಐದು: ಎಲ್ಲ ಕೋಶ ಒಂದೇ ಕಡೆ ಹೊರಟಿವೆ

ಇಂಥದ್ದು ಕಂಡರೆ ಹಿಗ್ಗಬೇಡಿ. ಮಣಿ ನೋಡಿ. ಜೆಲ್ ಆಳದಲ್ಲಿ, ಕೋಶದಿಂದ ದೂರ ಇರುವ ಮಣಿಗಳೂ ಅದೇ ಕಡೆ ಹೋಗುತ್ತಿದ್ದರೆ ಜಾರುತ್ತಿರುವುದು ಪ್ಲೇಟ್. ನಮ್ಮಲ್ಲಿ ಏಸಿ ಆನ್ ಆದಾಗೊಮ್ಮೆ ಮೈಕ್ರೊಸ್ಕೋಪಿನ ಲೋಹ ತಣ್ಣಗಾಗಿ ಚಿತ್ರ ಸರಿಯುತ್ತಿತ್ತು. ಗಾಳಿಯ ಬಾಯಿ ಬೇರೆ ಕಡೆ ತಿರುಗಿಸಿದೆವು. ಯಂತ್ರ ಹಚ್ಚಿ ಎರಡು ಗಂಟೆ ಕಾದು ಆಮೇಲೆ ಫೋಟೊ ಶುರು ಮಾಡಿದೆವು. ಉಳಿದ ಸರಿತವನ್ನು ಮಣಿಗಳ ಲೆಕ್ಕದಿಂದ ಕಳೆದೆವು.

ಮಣಿ ನಿಂತಿದ್ದು ಕೋಶ ಮಾತ್ರ ಒಂದೇ ಕಡೆ ಹೋದರೆ ನೆಲ ಒಂದು ಕಡೆ ಗಟ್ಟಿಯಿದೆಯೇ, ತೆಳುವಾಗಿದೆಯೇ ಎಂದು ಮತ್ತೆ ದಪ್ಪ ಅಳೆಯಿರಿ. ವಾಲಿದ ಜೆಲ್ ಕೂಡ ಕೋಶಕ್ಕೆ ಗಟ್ಟಿ-ಮೆತ್ತನೆಯ ಏರಿಳಿತವೇ.

ಬೇಸಿಗೆಯಲ್ಲಿ ನೀರು ಆರುವುದನ್ನೂ ಇಲ್ಲೇ ಸೇರಿಸುತ್ತೇನೆ. ಇನ್ಕ್ಯುಬೇಟರಿನ ನೀರಿನ ತಟ್ಟೆ ಒಣಗಿದರೆ ಪ್ಲೇಟಿನಲ್ಲಿ ಕೋಶ ಬೆಳೆಸುವ ಗುಂಡಿಗಳ ಪೈಕಿ ಅಂಚಿನವು ಮೊದಲು ಆರುತ್ತವೆ. ಮೀಡಿಯಂನಲ್ಲಿ ಉಪ್ಪು ದಟ್ಟವಾಗುತ್ತದೆ. ಕೋಶದೊಳಗಿನ ನೀರು ಹೊರಬಂದು ಕೋಶ ಕುಗ್ಗುತ್ತದೆ, ಬಿರುಸಾಗುತ್ತದೆ. ಇದೂ ಒತ್ತಡವೇ. ವಿಜಯಪುರ, ಬಾಗಲಕೋಟೆ ಕಡೆಯ ಒಣ ಬಿಸಿಲಿನಲ್ಲಿ ಕೆಲಸ ಮಾಡುವವರು ದಿನಕ್ಕೆ ಎರಡು ಸಲ ತಟ್ಟೆ ನೋಡುವುದು ಒಳ್ಳೆಯದು. ಅಂಚಿನ ಗುಂಡಿಗಳಲ್ಲಿ ಬರೀ ನೀರು ತುಂಬಿ, ಪ್ರಯೋಗವನ್ನು ನಡುವಿನವುಗಳಲ್ಲಿ ಮಾಡಿ.

ಕೊಲಾಜೆನ್ ಒಳಗೆ ಕೋಶ ಹುದುಗಿಸುವವರಿಗೆ

ಅವರ ದೋಷ ಬೇರೆ. ರಾತ್ರಿ ಇಟ್ಟ ಜೆಲ್ ಬೆಳಿಗ್ಗೆ ಗುಂಡಿಯ ಅಂಚು ಬಿಟ್ಟು ನಡುವೆ ಗುಬ್ಬಿಯಂತೆ ಮುದುಡಿರುತ್ತದೆ. ಕೋಶಗಳೇ ಎಳೆದೆಳೆದು ಹಾಗೆ ಮಾಡಿವೆ. ವಡಗಾವಿಯ ಮಗ್ಗದಲ್ಲಿ ಹಾಸಿನ ಒಂದು ತುದಿ ಬಿಚ್ಚಿದರೆ ನೂಲೆಲ್ಲ ಸಡಿಲಾಗುತ್ತದೆ, ಲಾಳಿ ಓಡುವುದಿಲ್ಲ. ಅಂಚು ಬಿಟ್ಟ ಜೆಲ್‌ನಲ್ಲಿ ಬಿಗಿ ಹೋಗುತ್ತದೆ. ಎಳೆದುಕೊಂಡು ಉದ್ದವಾಗಿದ್ದ ಕೋಶಗಳು ಕೈಕಾಲು ಒಳಗೆಳೆದುಕೊಳ್ಳುತ್ತವೆ. ಅಂಥ ಗುಂಡಿಯ ಲೆಕ್ಕವನ್ನು ಅಂಚು ಹಿಡಿದ ಗುಂಡಿಯ ಲೆಕ್ಕದ ಜೊತೆ ಸೇರಿಸಬೇಡಿ. ಗಾಜಿಗೆ ಗ್ಲುಟರಾಲ್ಡಿಹೈಡ್ ಹಚ್ಚಿ ಚೆನ್ನಾಗಿ ತೊಳೆದರೆ ಅಂಚು ಹಿಡಿಯುತ್ತದೆ. ಸುರಿಯುವಾಗಿನ ಶಾಖವೂ ಮುಖ್ಯ. ತಣ್ಣಗೆ ಗಟ್ಟಿಯಾದ ಕೊಲಾಜೆನ್‌ನಲ್ಲಿ ಎಳೆ ದಪ್ಪ, ಕಿಂಡಿ ದೊಡ್ಡದು. ಬೆಚ್ಚಗೆ ಗಟ್ಟಿಯಾದದ್ದರಲ್ಲಿ ಎಳೆ ಸಣ್ಣ, ಕಿಂಡಿ ಚಿಕ್ಕದು. ಏಪ್ರಿಲ್ ಮಧ್ಯಾಹ್ನ ಸುರಿದದ್ದೂ ಜುಲೈನಲ್ಲಿ ಸುರಿದದ್ದೂ ಒಂದೇ ಜೆಲ್ ಅಲ್ಲ. ಐಸ್ ಮೇಲೆ ಬೆರೆಸಿ, ನೇರವಾಗಿ 37 ಡಿಗ್ರಿಗೆ ಒಯ್ಯಿರಿ.

ಕೊನೆಯ ಪರೀಕ್ಷೆ: ಎಳೆತ ಇದೆಯೇ?

ಎಲ್ಲ ಸರಿಮಾಡಿದ ಮೇಲೆ ಇದನ್ನು ಮಾಡಿ. ಕೋಶದ ಹತ್ತಿರದ ಮಣಿಗಳ ಫೋಟೊ ತೆಗೆಯಿರಿ. ಟ್ರಿಪ್ಸಿನ್ ಹಾಕಿ ಕೋಶ ಬಿಡಿಸಿ, ಅದೇ ಜಾಗದ ಫೋಟೊ ಮತ್ತೆ ತೆಗೆಯಿರಿ. ಕೋಶ ಎಳೆಯುತ್ತಿದ್ದರೆ ಮಣಿಗಳು ತಮ್ಮ ಹಳೆಯ ಜಾಗಕ್ಕೆ ಮರಳಿರುತ್ತವೆ. ಎಷ್ಟು ಮರಳಿದವೋ ಅದೇ ಎಳೆತದ ಅಳತೆ. ಕೋಶ ಬಿಡಿಸದೆ ನೋಡಬೇಕೆಂದರೆ ಮಯೋಸಿನ್ ತಡೆಯುವ ಬ್ಲೆಬ್ಬಿಸ್ಟಾಟಿನ್ ಹಾಕಬಹುದು. ಆದರೆ ಅದು ನೀಲಿ ಬೆಳಕಿಗೆ ಕೆಡುತ್ತದೆ, ಕೆಟ್ಟು ಕೋಶಕ್ಕೂ ತೊಂದರೆ ಕೊಡುತ್ತದೆ. ಆಗ ಕೆಂಪು ಮಣಿ ಬಳಸಿ.

ಜೂನ್ ಎರಡನೇ ವಾರ, ಹೊರಗೆ ಮಳೆ ಹಿಡಿದಿತ್ತು. ಹುಡುಗಿ ಮತ್ತೆ ಪ್ಲೇಟ್ ಹಾಕಿದಳು. ಒಂದೇ ಗಾಜಿನ ಮೇಲೆ 4.5 ಮತ್ತು 40 ಕಿಲೋಪಾಸ್ಕಲ್ ಜೆಲ್ ಒಂದಕ್ಕೊಂದು ತಾಗುವಂತೆ ಸುರಿದಿದ್ದಳು. ಐದು ಕಡೆ ದಪ್ಪ ಅಳೆದಿದ್ದಳು. ಮರುದಿನ ಮುಂಜಾನೆ ಫೋಟೊಗಳನ್ನು ಓಡಿಸಿ ನೋಡುತ್ತ ಕೂತಿದ್ದಾಗ, ಗಟ್ಟಿ ಕಡೆಯ ಒಂದು ಕೋಶ ಗಡಿಯ ತನಕ ಬಂತು. ಮುಂದಿನ ಅಂಚನ್ನು ಆಚೆ ಚಾಚಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಆ ಅಂಚನ್ನು ಒಳಗೆಳೆದುಕೊಂಡು, ಪಕ್ಕದಿಂದ ಹೊಸ ಅಂಚು ತೆಗೆದು ಹಿಂದಕ್ಕೆ ಹೊರಟಿತು.

"ಅಕ್ಕಾರ, ತಿರಗಿತ್ ನೋಡ್ರಿ!" ಎಂದಳು. ಕಾಕಾ ಕೂಡ ಬಂದು ನೋಡಿದರು. ಅದೊಂದೇ ಕೋಶ. ಉಳಿದ ಗಡಿಗಳ ಎಣಿಕೆ ಇನ್ನೂ ನಡೆಯುತ್ತಿದೆ.